ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನಮಗೂ ಜಾಗ ಕೊಡಿ: ಮುಂಬಯಿಯ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಮುಂಬಯಿ, ಠಾಣೆ, ನವಿಮುಂಬಯಿಯ ಎಲ್ಲ ಕನ್ನಡ, ತುಳು ಸಂಘ-ಸಂಸ್ಥೆಗಳ ಅಧ್ಯಕ್ಷರಿಗೆ, ಗೌರವ ಕಾರ್ಯದರ್ಶಿಗಳಿಗೆ, ವಿದ್ಯಾರ್ಥಿವೇತನ ಸಮಿತಿಯ ಹಿರಿಯರಿಗೆ, ಮಹಿಳಾ ವಿಭಾಗದ ಅಕ್ಕಂದಿರಿಗೆ ನಮಸ್ಕಾರ.

ನಾನು ಡೊಂಬಿವಲಿಯವಳು. ಊರು ಕಾರ್ಕಳದ ಹತ್ತಿರ. ಅಪ್ಪ ಹೋಟೆಲಿನಲ್ಲಿ ಮ್ಯಾನೇಜರ್. ನಾನು ಸ್ತ್ರೀ ಅಧ್ಯಯನದಲ್ಲಿ, ಈಗ ಹೆಚ್ಚಿನವರು ಜೆಂಡರ್ ಸ್ಟಡೀಸ್ ಎಂದು ಕರೆಯುವ ವಿಷಯದಲ್ಲಿ, ಎಂ.ಎ. ಓದುತ್ತಿದ್ದೇನೆ. ನಿಮ್ಮಲ್ಲಿ ಎರಡು ವಿಷಯ ಕೇಳಬೇಕಿದೆ. ನಿಮ್ಮ ವಿದ್ಯಾರ್ಥಿವೇತನ ಮತ್ತು ಶೈಕ್ಷಣಿಕ ದತ್ತು (ಒಂದು ಮಗುವಿನ ಓದಿನ ಖರ್ಚು ವಹಿಸಿಕೊಳ್ಳುವ) ಯೋಜನೆಗಳಲ್ಲಿ ಈ ವಿಷಯ ಓದುವ ನಮ್ಮ ಮಕ್ಕಳಿಗೂ ಜಾಗ ಕೊಡಿ. ಮತ್ತೆ, ನಿಮ್ಮ ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿಟ್ಟ ಹಳೆಯ ನಡಾವಳಿ ಪುಸ್ತಕ, ಸ್ಮರಣ ಸಂಚಿಕೆ, ಫೋಟೋ ಆಲ್ಬಮ್, ರಾತ್ರಿಶಾಲೆಯ ಹಾಜರಿ ಪುಸ್ತಕ ಇವೆಲ್ಲ ನಮಗೆ ಓದಲು ಸಿಗುವಂತೆ ಮಾಡಿ. ಈ ಎರಡೂ ಬೇಡಿಕೆಗೆ ಒಂದಕ್ಕೊಂದು ಸಂಬಂಧ ಇದೆ. ಅದನ್ನೇ ವಿವರವಾಗಿ ಬರೆಯುತ್ತೇನೆ.

ಕಳೆದ ವರ್ಷ ಒಂದು ಸಂಘಕ್ಕೆ ಅರ್ಜಿ ಹಾಕಿದ್ದೆ. ಹೆಸರು ಬೇಡ. ಅರ್ಜಿ ನಮೂನೆಯಲ್ಲಿ ಇಂಜಿನಿಯರಿಂಗ್, ಮೆಡಿಕಲ್, ಸಿ.ಎ., ಎಂಬಿಎ ಅಂತ ಕಾಲಂ ಇತ್ತು, ಕೊನೆಗೆ ‘ಇತರೆ’ ಅಂತ ಒಂದು. ಅದರಲ್ಲಿ ಬರೆದೆ. ಸಂದರ್ಶನದಲ್ಲಿ ಒಬ್ಬ ಹಿರಿಯರು ಕನ್ನಡಕ ತೆಗೆದು ಕೇಳಿದರು: ‘ಇದನ್ನು ಓದಿ ಏನು ಮಾಡ್ತೀ ಮಗಾ? ಗಂಡಸರ ಮೇಲೆ ಕೇಸ್ ಹಾಕ್ಲಿಕ್ಕಾ?’ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಇನ್ನೊಬ್ಬರು ಪ್ರೀತಿಯಿಂದಲೇ ಹೇಳಿದರು, ‘ಬಿ.ಎಡ್. ಮಾಡು, ಕೂಡ್ಲೇ ಸ್ಯಾಂಕ್ಷನ್ ಮಾಡಿಸ್ತೇನೆ.’ ನನಗೆ ಹಣ ಸಿಗಲಿಲ್ಲ. ಅಪ್ಪ ಸಾಲ ಮಾಡಿ ಫೀಸು ಕಟ್ಟಿದರು. ಅಂದು ಆ ಕೋಣೆಯಲ್ಲಿ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಲು ನನಗೆ ಸಮಯ ಕೊಟ್ಟಿರಲಿಲ್ಲ. ಈಗ ಹೇಳುತ್ತೇನೆ, ಯಾಕಂದ್ರೆ ಈ ಮಾತು ನಾನೊಬ್ಬಳೇ ಕೇಳಿಸಿಕೊಂಡದ್ದಲ್ಲ. ಇದೇ ವಿಷಯ ಓದಬೇಕೆಂದಿದ್ದ ನಮ್ಮವರ ಹುಡುಗಿಯರು ಮನೆಯಲ್ಲೂ ಸಂಘದಲ್ಲೂ ಬೈಗುಳ ಕೇಳಿ ಬೇರೆ ಕೋರ್ಸಿಗೆ ಹೋಗಿದ್ದಾರೆ.

ಇದು ಪರದೇಶದಿಂದ ಬಂದ ಫ್ಯಾಷನ್ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಿಶ್ವವಿದ್ಯಾಲಯದ ವಿಷಯವಾಗಿ ಇದು ನಮ್ಮ ದೇಶದಲ್ಲಿ ಬೆಳೆದ ಕಥೆ ಮುಂಬಯಿಯಿಂದಲೇ ಶುರುವಾಗುತ್ತದೆ. 1971ರಲ್ಲಿ ಕೇಂದ್ರ ಸರಕಾರ ಹೆಂಗಸರ ಸ್ಥಿತಿಗತಿ ತಿಳಿಯಲು ಒಂದು ಸಮಿತಿ ಮಾಡಿತು. 1974ರಲ್ಲಿ ಅದರ ವರದಿ ತಯಾರಾಯಿತು. ಹೆಂಗಸರ ಸಂಖ್ಯೆ ಇಳಿಯುತ್ತಿರುವುದನ್ನು ಅದು ಎತ್ತಿ ತೋರಿಸಿತು. 1901ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದರು. 1971ಕ್ಕೆ ಅದು 930ಕ್ಕೆ ಇಳಿದಿತ್ತು. ಸ್ವಾತಂತ್ರ್ಯ ಬಂತು, ಆಸ್ಪತ್ರೆ ಬಂತು, ಶಾಲೆ ಬಂತು, ಹಾಗಿದ್ದೂ ಹೆಂಗಸರು ಯಾಕೆ ಕಡಿಮೆಯಾದರು? ಅದನ್ನು ಬರೀ ವೈದ್ಯಶಾಸ್ತ್ರ ಓದಿದವರೋ ಅರ್ಥಶಾಸ್ತ್ರ ಓದಿದವರೋ ಒಬ್ಬೊಬ್ಬರೇ ಹೇಳಲಾಗುವುದಿಲ್ಲ. ಅದೇ 1974ರಲ್ಲಿ ನಮ್ಮ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕಿ ನೀರಾ ದೇಸಾಯಿ ಇದಕ್ಕಾಗಿಯೇ ಒಂದು ಸಂಶೋಧನಾ ಘಟಕ ಶುರುಮಾಡಿದರು. ದೇಶದಲ್ಲೇ ಮೊದಲನೆಯದು. 1981ರಲ್ಲಿ ಸ್ತ್ರೀ ಅಧ್ಯಯನದ ಮೊದಲ ರಾಷ್ಟ್ರೀಯ ಸಮ್ಮೇಳನವೂ ಅದೇ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಮುಂದೆ ದೇವನಾರ್‌ನಲ್ಲಿರುವ, ಸಮಾಜವಿಜ್ಞಾನ ಕಲಿಸುವ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಗೋವಾ ವಿಶ್ವವಿದ್ಯಾಲಯದಲ್ಲಿ ಈ ವಿಷಯ ಬಂತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರ ಹೆಸರಿನ ಕೇಂದ್ರ 1987ರಲ್ಲಿ ಆರಂಭವಾಯಿತು. ಅದನ್ನು ಬಹಳ ವರ್ಷ ನಡೆಸಿದ ಶರ್ಮಿಳಾ ರೇಗೆ, ಜಾತಿಯನ್ನು ಬದಿಗಿಟ್ಟು ಹೆಣ್ಣಿನ ಬದುಕನ್ನು ಓದಲಾಗದು ಎಂದು ಹೇಳುತ್ತಾ, ದಲಿತ ಹೆಂಗಸರು ಬರೆದುಕೊಂಡ ಬದುಕನ್ನು ತರಗತಿಯೊಳಗೆ ತಂದರು. 2013ರಲ್ಲಿ ಅವರು ತೀರಿಕೊಂಡರು. ಅವರ ಬಳಿ ಓದಿದವರು ಇಂದು ಪಾಠ ಮಾಡುತ್ತಿದ್ದಾರೆ.

ನಮ್ಮ ಊರಿನ ಬದಿಯವರಿಗೆ ಇನ್ನೊಂದು ಮಾತು. ಹೆಣ್ಣುಮಕ್ಕಳ ಓದಿಗಾಗಿ ದುಡಿದ ಸಂಸ್ಕೃತ ವಿದುಷಿ ಪಂಡಿತಾ ರಮಾಬಾಯಿಯ ಹೆಸರು ಪುಣೆಯವರಿಗೆ ಚೆನ್ನಾಗಿ ಗೊತ್ತು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ತಾಲೂಕಿನ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು ಘಟ್ಟದ ಕಾಡಿನ ಗಂಗಾಮೂಲದಲ್ಲಿ ಮನೆ ಮಾಡಿದರು. ರಮಾಬಾಯಿ ಹುಟ್ಟಿದ್ದು ಅಲ್ಲಿ, 1858ರಲ್ಲಿ. 1882ರಲ್ಲಿ ಬ್ರಿಟಿಷ್ ಸರಕಾರ ಶಿಕ್ಷಣದ ಬಗ್ಗೆ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕು ಎಂದು ಹೇಳಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದರು. ಮಾಳದಿಂದ ಮುಂಬಯಿಗೆ ಬಂದವರ ಚರಿತ್ರೆ ಬರೆಯುವಾಗ ನಾವು ಹೋಟೆಲ್ ತೆರೆದವರಿಂದ ಶುರುಮಾಡುತ್ತೇವೆ. ರಮಾಬಾಯಿಯಿಂದ ಶುರುಮಾಡಿದ ಒಂದು ಸ್ಮರಣ ಸಂಚಿಕೆಯನ್ನೂ ನಾನು ಈವರೆಗೆ ನೋಡಿಲ್ಲ.

ಈಗ ನಾನು ಏನು ಓದುತ್ತೇನೆ, ಹೇಗೆ ಓದುತ್ತೇನೆ ಎಂದು ಹೇಳಬೇಕು.

ಊರಿನ ಮನೆಯ ಟ್ರಂಕಿನಲ್ಲಿ ನನ್ನ ಅಜ್ಜಿಯ ಬೀಡಿ ಪುಸ್ತಕ, ಅಂದರೆ ಮನೆಯಲ್ಲಿ ಬೀಡಿ ಕಟ್ಟಿದ್ದರ ಲೆಕ್ಕದ ಪುಸ್ತಕ, ಇದೆ. ಅಂಗೈ ಅಗಲದ್ದು, ರಟ್ಟಿಗೆ ಎಣ್ಣೆಜಿಡ್ಡು ಹಿಡಿದಿದೆ. ಪ್ರತಿ ಪುಟದಲ್ಲಿ ತಾರೀಕು, ಕೊಟ್ಟ ಎಲೆ, ಕೊಟ್ಟ ಹೊಗೆಸೊಪ್ಪು, ತಂದುಕೊಟ್ಟ ಬೀಡಿ, ಹಾಳೆಂದು ತೆಗೆದದ್ದು, ಕೊನೆಗೆ ಬೀಡಿ ಬ್ರಾಂಚಿನವರ ಗೀಚು ಸಹಿ. ಅದೇ ಟ್ರಂಕಿನಲ್ಲಿ ನೂಲು ಕಟ್ಟಿ ಇಟ್ಟ ಮನಿಯಾರ್ಡರ್ ಕೂಪನ್‌ಗಳಿವೆ. ಅಜ್ಜ ಬೊಂಬಾಯಿಯಿಂದ ಕಳಿಸಿದ್ದು. ಒಂದೊಂದರಲ್ಲೂ ಎರಡು ಸಾಲು: ಮಳೆ ಬಂತಾ, ದನ ಕರು ಹಾಕಿತಾ, ಮುಂದಿನ ತಿಂಗಳು ಜಾಸ್ತಿ ಕಳಿಸುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ, ಅಜ್ಜ ಬೊಂಬಾಯಿಯ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದರು ಅಂತ. ಅದು ಸುಳ್ಳಲ್ಲ. ಆದರೆ ಈ ಕೂಪನ್‌ಗಳನ್ನೂ ಬೀಡಿ ಪುಸ್ತಕವನ್ನೂ ತಿಂಗಳಿಗೆ ತಿಂಗಳು ಜೋಡಿಸಿ ನೆಲದ ಮೇಲೆ ಹರಡಿದಾಗ ಬೇರೆಯದೂ ಕಾಣುತ್ತದೆ. ಅಜ್ಜನಿಗೆ ಕೆಲಸ ಹೋಗಿ ಕೂಪನ್ ಬಾರದ ತಿಂಗಳುಗಳಲ್ಲಿ ಬೀಡಿಯ ಲೆಕ್ಕ ಏರಿದೆ. ಏಪ್ರಿಲ್, ಮೇ ತಿಂಗಳಲ್ಲೂ ಏರಿದೆ. ಯಾಕೆ ಅಂತ ದೊಡ್ಡಮ್ಮನನ್ನು ಕೇಳಿದೆ. ‘ಶಾಲೆಗೆ ರಜೆ ಅಲ್ವಾ, ನಾವೂ ಕೂತು ಬೀಡಿಯ ತುದಿ ಮಡಚುತ್ತಿದ್ದೆವು’ ಎಂದರು. ಪುಸ್ತಕದಲ್ಲಿ ಹೆಸರು ಅಜ್ಜಿಯದ್ದು ಒಂದೇ. ಕೆಲಸ ಮಾಡಿದ ಕೈಗಳು ಹಲವು. ದೊಡ್ಡಮ್ಮ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟರು, ತಮ್ಮಂದಿರು ಕಾಲೇಜಿಗೆ ಹೋದರು. ಅವರು ಬಿಟ್ಟ ವರ್ಷ ಪುಸ್ತಕದಲ್ಲಿ ಪುಟ ಪುಟವೂ ತುಂಬಿದೆ.

ನನ್ನ ವಿಷಯ ಇದನ್ನು ಕಲಿಸುತ್ತದೆ. ಒಂದು ಮನೆಯ ಸಂಪಾದನೆಯಲ್ಲಿ ಯಾರ ಕೆಲಸ ಲೆಕ್ಕಕ್ಕೆ ಬಂತು, ಯಾರದ್ದು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಕಾಗದ ಹಿಡಿದು ಕೇಳಲು ಕಲಿಸುತ್ತದೆ. ಇದು ಹಳೇ ಕಾಲದ ಮಾತು ಮಾತ್ರ ಅಲ್ಲ. 2019ರಲ್ಲಿ ಕೇಂದ್ರ ಸರಕಾರ ದೇಶದಾದ್ಯಂತ ಜನ ದಿನದ ಸಮಯ ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97. ಹೆಂಗಸರದ್ದು ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಮುಂಬಯಿಯಲ್ಲಿ ವಿರಾರ್ ಲೋಕಲ್ ಹಿಡಿದು ಆಫೀಸಿಗೆ ಹೋಗಿ ಬರುವ ನಮ್ಮ ಅಕ್ಕಂದಿರ ದಿನದೊಳಗೆ ಈ ಐದು ಗಂಟೆ ಎಲ್ಲಿ ಕೂರುತ್ತದೆ, ನೀವೇ ಯೋಚಿಸಿ.

ಅಳಿಯಕಟ್ಟಿನ, ಅಂದರೆ ಅಳಿಯಸಂತಾನ ಪದ್ಧತಿಯ, ಮಾತು ತೆಗೆದರೆ ನಮ್ಮವರು ಹೆಮ್ಮೆಪಡುತ್ತಾರೆ. ನಮ್ಮಲ್ಲಿ ಹೆಣ್ಣಿನ ಕಡೆಯಿಂದಲೇ ಸಂತಾನ, ನಮಗೇನು ಕಲಿಸುತ್ತೀ ಎನ್ನುತ್ತಾರೆ. ಹೆಮ್ಮೆ ಇರಲಿ. ಆದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದರೂ ಹೆಚ್ಚಿನ ಮನೆಗಳಲ್ಲಿ ಯಜಮಾನಿಕೆ ಸೋದರಮಾವನ ಕೈಯಲ್ಲಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಪಾಲಾದ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ನಿಜವಾಗಿ ಏನು ಉಳಿಯಿತು? ಮುಂಬಯಿಯಲ್ಲಿ ಗಂಡನ ದುಡಿಮೆಯಿಂದ ಕೊಂಡ ಫ್ಲ್ಯಾಟು ಯಾರ ಹೆಸರಲ್ಲಿದೆ? ಪಕ್ಕದ ಗೋವಾದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನಿಂದ ಬಂದ ಕಾನೂನು ಇಂದೂ ಇದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು. ಮಂಗಳೂರು, ಗೋವಾ, ಮುಂಬಯಿ ಒಂದೇ ಕರಾವಳಿಯ ಊರುಗಳು. ಈ ಮೂರನ್ನೂ ಒಟ್ಟಿಗೆ ಇಟ್ಟು ಓದಲು ತುಳು, ಕೊಂಕಣಿ, ಕನ್ನಡ, ಮರಾಠಿ ಬರುವ ನಮ್ಮ ಮಕ್ಕಳಿಗಿಂತ ಬೇರೆ ಯಾರು ಬೇಕು?

ಗಂಡಸರ ವಿರುದ್ಧ ಎಂಬ ಮಾತಿಗೆ ಬರುತ್ತೇನೆ. ಫೋರ್ಟ್ ಭಾಗದ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದ್ದು ಹೋಟೆಲ್ ಹುಡುಗರಿಗಾಗಿ. ಹತ್ತು ಹನ್ನೆರಡು ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಫಡ್ಕಾ ಹಿಡಿದು ಟೇಬಲ್ ಒರೆಸಿ, ಆಫೀಸುಗಳಿಗೆ ಚಹಾ ಹೊತ್ತು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತಾ ಓದಿದವರು. ನಿಮ್ಮಲ್ಲಿ ಕೆಲವರೇ ಆ ಹುಡುಗರು. ಗಂಡುಹುಡುಗ ಅಂದ್ರೆ ದುಡಿಯಲು ಕಳಿಸಬೇಕು, ಅಮ್ಮನನ್ನು ನೆನೆದು ಅಳಬಾರದು ಎಂದು ಯಾರು ತೀರ್ಮಾನಿಸಿದರು? ಹೆಣ್ಣುಹುಡುಗಿ ಊರಲ್ಲೇ ಬೀಡಿ ಮೊರ ಹಿಡಿಯಬೇಕು ಎಂದು ಯಾರು ತೀರ್ಮಾನಿಸಿದರು? ಎರಡೂ ಒಂದೇ ತೀರ್ಮಾನ. ಅಕ್ಕ ತಮ್ಮ ಇಬ್ಬರ ಬಾಲ್ಯವೂ ಅದರಲ್ಲಿ ಹೋಯಿತು. ಜೆಂಡರ್ ಸ್ಟಡೀಸ್ ಇಬ್ಬರನ್ನೂ ಓದುತ್ತದೆ.

ಹೋಟೆಲಿನ ಅಡುಗೆಮನೆಯನ್ನೇ ನೋಡಿ. ಮಾಟುಂಗದಲ್ಲಿ ರಾಮಾ ನಾಯಕರು 1942ರಲ್ಲಿ ಶುರುಮಾಡಿದ ಬೋರ್ಡಿಂಗ್‌ನಿಂದ ಹಿಡಿದು ಇಂದಿನ ಹೋಟೆಲುಗಳವರೆಗೆ ಒಲೆಯ ಮುಂದೆ ನಿಂತವರು ಹೆಚ್ಚಾಗಿ ಗಂಡಸರು. ಅಲ್ಲಿ ಸಾಂಬಾರು ಮಾಡುವುದು ಕಸುಬು, ಅದಕ್ಕೆ ಸಂಬಳ ಇದೆ, ಒಳ್ಳೆ ಭಟ್ಟರಿಗೆ ಬೇಡಿಕೆಯೂ ಇದೆ. ಅದೇ ಮನುಷ್ಯ ರಜೆಯಲ್ಲಿ ಊರಿಗೆ ಹೋದರೆ ನೀರಿನ ಲೋಟವನ್ನೂ ಹೆಂಡತಿ ತಂದುಕೊಡಬೇಕು. ಒಂದೇ ಸಾಂಬಾರು ಒಂದು ಕಡೆ ಕಸುಬು, ಇನ್ನೊಂದು ಕಡೆ ಕರ್ತವ್ಯ ಹೇಗಾಯಿತು ಎಂಬುದರ ಮೇಲೆ ಒಂದು ಪಿಎಚ್‌ಡಿ ಮಾಡಬಹುದು. ನಮ್ಮ ಹೋಟೆಲುಗಳ ಒಳಗನ್ನು ಕಂಡ ನಮ್ಮ ಮಕ್ಕಳೇ ಅದನ್ನು ಚೆನ್ನಾಗಿ ಮಾಡಬಲ್ಲರು.

ಈ ವಿಷಯ ನಮ್ಮ ಉದ್ಯಮಕ್ಕೂ ಒಮ್ಮೆ ಉಪಯೋಗಕ್ಕೆ ಬಂದಿದೆ. ಸಭೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ಆದರೂ ಹೇಳಬೇಕು. 2005ರಲ್ಲಿ ಮಹಾರಾಷ್ಟ್ರ ಸರಕಾರ ಡ್ಯಾನ್ಸ್ ಬಾರ್‌ಗಳನ್ನು ನಿಷೇಧಿಸಿತು. ನಮ್ಮ ಕರಾವಳಿಯ ಕೆಲವರೂ ಆ ವ್ಯವಹಾರದಲ್ಲಿದ್ದರು. ಆಗ ಎಲ್ಲರೂ ಆ ಹುಡುಗಿಯರ ಬಗ್ಗೆ ಮಾತನಾಡಿದರು, ಅವರನ್ನು ಕೂರಿಸಿ ಕೇಳಿದವರು ಕಡಿಮೆ. ಎಸ್‌ಎನ್‌ಡಿಟಿಯ ಸ್ತ್ರೀ ಅಧ್ಯಯನ ಕೇಂದ್ರದವರು ಮಹಿಳಾ ಹೋರಾಟದ ಗೆಳತಿಯರ ಜೊತೆ ಸೇರಿ ಬಾರ್‌ಗಳಿಗೆ ಹೋಗಿ 500 ನರ್ತಕಿಯರನ್ನು ಮಾತನಾಡಿಸಿದರು. ಎಲ್ಲಿಂದ ಬಂದವರು, ಹೇಗೆ ಬಂದರು, ಕೆಲಸದ ಜಾಗ ಹೇಗಿದೆ ಎಂದು ಬರೆದುಕೊಂಡರು. ಆ ಅಧ್ಯಯನ ನ್ಯಾಯಾಲಯದ ಮುಂದೆ ಬಂತು. 2006ರಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ತೆಗೆದುಹಾಕಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಆ ಬಾರ್‌ಗಳಲ್ಲಿ ನಡೆದದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಹೆಂಗಸರ ಹೊಟ್ಟೆಪಾಡಿನ ಬಗ್ಗೆ ತೀರ್ಮಾನ ಮಾಡುವ ಮುಂಚೆ ಅವರನ್ನೇ ಕೇಳಬೇಕು. ಕೇಳುವುದಕ್ಕೂ ತರಬೇತಿ ಬೇಕು. ಆ ತರಬೇತಿ ಕೊಡುವ ಕೋರ್ಸ್ ಇದು.

ಕೆಲಸದ ಪ್ರಶ್ನೆ ನ್ಯಾಯವಾದದ್ದೇ. ಇಂಜಿನಿಯರಿನಷ್ಟು ಸಂಬಳ ಇದರಲ್ಲಿ ಸಿಗುವುದಿಲ್ಲ. ಆದರೆ ಕೆಲಸ ಇದೆ. ಸ್ತ್ರೀ ಅಧ್ಯಯನಕ್ಕೆ ಯುಜಿಸಿಯ ನೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ ಇದೆ, ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡಬಹುದು. ಕೇಂದ್ರ ಬಜೆಟ್‌ನ ಜೊತೆ 2005-06ರಿಂದ ಜೆಂಡರ್ ಬಜೆಟ್ ಪಟ್ಟಿ, ಅಂದರೆ ಹೆಂಗಸರಿಗಾಗಿ ಎಷ್ಟು ಹಣ ಇಟ್ಟಿದ್ದಾರೆ ಎಂಬ ಪಟ್ಟಿ, ಬರುತ್ತಿದೆ, ಅದನ್ನು ಓದಿ ಲೆಕ್ಕ ಕೇಳುವವರು ಬೇಕು. ದಹಿಸರ್‌ನಲ್ಲಿ ‘ಸ್ಪ್ಯಾರೋ’ ಎಂಬ ಸಂಗ್ರಹಾಲಯ ಇದೆ. 1988ರಲ್ಲಿ ಶುರುವಾದದ್ದು, ಹೆಂಗಸರ ಮಾತು, ಫೋಟೋ, ಪತ್ರಗಳನ್ನು ಕಾಪಾಡುವುದೇ ಅದರ ಕೆಲಸ. ಇನ್ನು ನಿಮಗೆ ನೇರವಾಗಿ ಸಂಬಂಧಪಟ್ಟದ್ದು: 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ, ವಿಷಯ ಗೊತ್ತಿರುವ ಒಬ್ಬರು ಸದಸ್ಯರಿರಬೇಕು. ನಿಮ್ಮ ಹೋಟೆಲುಗಳಿಗೆ, ಸಂಘಗಳು ನಡೆಸುವ ಶಾಲೆ-ಕಾಲೇಜುಗಳಿಗೆ, ಬ್ಯಾಂಕುಗಳಿಗೆ ಇದು ಅನ್ವಯಿಸುತ್ತದೆ. ಸುಮ್ನೆ ಗೋಡೆಗೆ ಬೋರ್ಡು ಹಾಕಿದರೆ ಆಗುವುದಿಲ್ಲ. ಈರುಳ್ಳಿ ಸುಲಿಯಲು, ಪಾತ್ರೆ ತೊಳೆಯಲು ಬರುವ ಹೆಂಗಸು ಯಾರ ಹತ್ತಿರ ಹೋಗಿ ಹೇಳಬೇಕು ಎಂದು ಅವಳ ಭಾಷೆಯಲ್ಲೇ ತಿಳಿಸಬೇಕು. ಅದಕ್ಕೆ ಓದಿದವರು ಬೇಕು.

ಮಹಿಳಾ ವಿಭಾಗದ ಅಕ್ಕಂದಿರೇ, ನಿಮ್ಮಲ್ಲಿ ಒಂದು ಮಾತು. ಅರಸಿನ ಕುಂಕುಮ, ಆಟಿಡೊಂಜಿ ದಿನ, ಭಜನೆ, ವಾರ್ಷಿಕೋತ್ಸವದ ಊಟೋಪಚಾರ ಎಲ್ಲವನ್ನೂ ನೀವು ಹೊತ್ತುಕೊಂಡಿದ್ದೀರಿ. ನಿಮ್ಮಿಂದಲೇ ಸಂಘಗಳು ಜೀವಂತ ಇವೆ. ಮುಂಬಯಿಯ ಕನ್ನಡ ಲೇಖಕಿಯರು ಕೂಡಿ ‘ಸೃಜನಾ’ ಬಳಗ ಕಟ್ಟಿ ಪುಸ್ತಕಗಳನ್ನೇ ತಂದಿದ್ದಾರೆ. ಹಾಗಿರುವಾಗ ಅರಸಿನ ಕುಂಕುಮದ ದಿನ ಗಂಡನನ್ನು ಕಳೆದುಕೊಂಡ ನನ್ನ ಚಿಕ್ಕಮ್ಮ ಹಿಂದಿನ ಕೋಣೆಯಲ್ಲಿ ಕಾಫಿ ಕಪ್ ತುಂಬಿಸುತ್ತಾ ನಿಂತದ್ದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಯಾರೂ ಅವರಿಗೆ ಹೊರಗೆ ಬರಬೇಡಿ ಎನ್ನಲಿಲ್ಲ. ಬನ್ನಿ ಎಂದೂ ಕರೆಯಲಿಲ್ಲ. ಈ ಸಲ ಕರೆಯಿರಿ. ಹೆಸರು ಹಿಡಿದು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ.

ನಾನು ಕೈಗೆ ಸಿಕ್ಕಿದ ಹಳೆಯ ಸ್ಮರಣ ಸಂಚಿಕೆಗಳನ್ನೆಲ್ಲ ಓದುತ್ತಿದ್ದೇನೆ. ಒಂದರಲ್ಲಿ ಸಮಿತಿಯ ಗುಂಪು ಫೋಟೋ ಇದೆ. ಕುರ್ಚಿಯಲ್ಲಿ ಕೂತ ಗಂಡಸರ ಹೆಸರು ಎಡದಿಂದ ಬಲಕ್ಕೆ, ಇನಿಶಿಯಲ್ ಸಮೇತ. ಹಿಂದೆ ನಿಂತ ಹೆಂಗಸರಿಗೆ ಹೆಸರೇ ಇಲ್ಲ, ‘ಮಹಿಳಾ ವಿಭಾಗದ ಸದಸ್ಯೆಯರು’ ಎಂದಷ್ಟೇ. ಒಬ್ಬಾಕೆ ಪಕ್ಕದವಳ ಕೈ ಹಿಡಿದು ನಗುತ್ತಿದ್ದಾರೆ. ಅವರು ಯಾರೆಂದು ಹೇಳಬಲ್ಲವರು ಈಗ ಎಂಬತ್ತು ದಾಟಿರುತ್ತಾರೆ. ಕಲಿನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಲ್ಲಿಯ ಕನ್ನಡಿಗರ ಸಾಹಿತ್ಯ, ಸಂಘಟನೆಯ ಬಗ್ಗೆ ಒಳ್ಳೆಯ ಕೆಲಸ ಮಾಡಿದೆ. ಊರಲ್ಲಿ ಉಳಿದ ಹೆಂಡತಿಯರು, ಚಾಳಿನ ಒಂದು ಖೋಲಿಯಲ್ಲಿ ಇಡೀ ಸಂಸಾರ ನಡೆಸಿದವರು, ಬಟ್ಟೆ ಹೊಲಿದು, ಡಬ್ಬ ಕಟ್ಟಿ, ಚಕ್ಕುಲಿ ಮಾರಿ ಮಕ್ಕಳನ್ನು ಓದಿಸಿದವರು ಇವರ ಕಥೆಯನ್ನು ಬರೆದುಕೊಳ್ಳುವ ಕೆಲಸ ಇನ್ನೂ ಬಹಳ ಬಾಕಿ ಇದೆ.

ಹಾಗಾಗಿ ನನ್ನ ಕೋರಿಕೆ ಹೀಗೆ. ಮುಂದಿನ ವರ್ಷದ ಅರ್ಜಿ ನಮೂನೆ ಅಚ್ಚಿಗೆ ಹೋಗುವ ಮುಂಚೆ ಕೋರ್ಸುಗಳ ಆ ಪಟ್ಟಿಯನ್ನು ತೆಗೆದು, ಮಾನ್ಯತೆ ಇರುವ ವಿಶ್ವವಿದ್ಯಾಲಯದ ಯಾವುದೇ ಪದವಿ ಎಂದು ಬರೆಯಿರಿ. ಸಂದರ್ಶನ ಸಮಿತಿಯಲ್ಲಿ ಹೆಂಗಸರೂ ಇರಲಿ. ದಾನಿಗಳಲ್ಲಿ ಯಾರಾದರೂ ತಮ್ಮ ತಾಯಿಯ ಹೆಸರಿನಲ್ಲಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ, ಹುಡುಗಿಯಾಗಲಿ ಹುಡುಗನಾಗಲಿ, ಈ ವಿಷಯ ಓದಲು ಫೀಸು ಕೊಟ್ಟರೆ ಸಾಕು. ಅದಕ್ಕೆ ಬದಲಾಗಿ ಆ ವಿದ್ಯಾರ್ಥಿ ಸಂಘದ ಹಿರಿಯ ಸದಸ್ಯೆಯರ ಮಾತುಗಳನ್ನು ತುಳುವಿನಲ್ಲೋ ಕನ್ನಡದಲ್ಲೋ ರೆಕಾರ್ಡ್ ಮಾಡಿ ಸಂಘಕ್ಕೇ ಒಪ್ಪಿಸಲಿ.

ಕಪಾಟಿನ ವಿಷಯ ಇದಕ್ಕಿಂತ ಅವಸರದ್ದು. ಎಷ್ಟೋ ಸಂಘಗಳ ಹಳೆ ಕಟ್ಟಡಗಳು ಈಗ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಕಚೇರಿ ಖಾಲಿ ಮಾಡುವ ದಿನ ಗೆದ್ದಲು ಹಿಡಿದ ಪುಸ್ತಕಗಳೆಲ್ಲ ರದ್ದಿಯವನ ಗೋಣಿಗೆ ಹೋಗುತ್ತವೆ. ದಯವಿಟ್ಟು ಅವನನ್ನು ಕರೆಯುವ ಮುಂಚೆ ನಮಗೆ ಹೇಳಿ ಕಳಿಸಿ. ನಾನೂ ನನ್ನ ಸಹಪಾಠಿಗಳೂ ಬಂದು ಧೂಳು ಒರೆಸಿ, ಪುಟ ಪುಟ ಸ್ಕ್ಯಾನ್ ಮಾಡಿ, ಮೂಲ ಪ್ರತಿಯನ್ನು ನಿಮಗೇ ಜೋಡಿಸಿ ಕೊಡುತ್ತೇವೆ. ಹಣ ಬೇಡ. ಭಾನುವಾರ ಕಚೇರಿಯ ಬೀಗ ತೆರೆಯಲು ಒಬ್ಬರು ಬಂದರೆ ಸಾಕು.

ಇತಿ, ನಿಮ್ಮ ಉತ್ತರ ಕಾಯುವ
ಡೊಂಬಿವಲಿಯ ಒಬ್ಬ ವಿದ್ಯಾರ್ಥಿನಿ